ಮಡಿಕೆ ಬಿಡಿಸಿದ ರೋಲು

ಭಾನುವಾರ ಬಂತೆಂದರೆ ನನ್ನ ಗಂಡ ಮನೆಯಲ್ಲಿ ನಿಂತವರಲ್ಲ. ವಾರದ ಆರು ದಿನ ಊರಿನ ಲಿಫ್ಟುಗಳನ್ನು ರಿಪೇರಿ ಮಾಡುವುದು, ಏಳನೆಯ ದಿನ ಹಳೆಯ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಮೇಷ್ಟ್ರ ಮನೆಗೆ ಓಡುವುದು. ಅಲ್ಲಿ ನಾಲ್ಕು ಜನ ಸೇರುತ್ತಿದ್ದರು. ವಿಜ್ಞಾನ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು, ಒಬ್ಬ ಹಲ್ಲಿನ ಡಾಕ್ಟರು, ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಒಬ್ಬ ಹುಡುಗಿ ಮತ್ತು ಇವರು. ನಾಲ್ವರಿಗೂ ಫಿಲ್ಮ್ ಕ್ಯಾಮೆರಾದ ಹುಚ್ಚು. ಜಗತ್ತೆಲ್ಲ ಫೋನಿನಲ್ಲಿ ತೆಗೆದು, ಅಳಿಸಿ, ಮತ್ತೆ ತೆಗೆಯುವ ಕಾಲದಲ್ಲಿ ಇವರು ಮೂವತ್ತಾರು ಚಿತ್ರ ಮುಗಿಯಲಿ ಎಂದು ತಿಂಗಳುಗಟ್ಟಲೆ ಕಾಯುತ್ತಿದ್ದರು.

ಆ ಕೂಟಕ್ಕೊಂದು ನಿಯಮವಿತ್ತು. ಫೋಟೋಗಳನ್ನು ಊಟದ ಮೇಜಿನ ಮೇಲೆ ಹರಡಬೇಕು. ತೆಗೆದವರು ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕು, ಮಿಕ್ಕವರು ಮಾತಾಡಬೇಕು. ಒಮ್ಮೆ ಇವರು ಬೀಗದ ಕೈ ಮರೆತು ಹೋಗಿದ್ದರೆಂದು ಕೊಡಲು ಹೋದಾಗ ನಾನೇ ಕಣ್ಣಾರೆ ಕಂಡೆ. ಮೇಜಿನ ಮೇಲೆ ಇವರು ತೆಗೆದ, ಲಿಫ್ಟು ಇಳಿಯುವ ಆಳದ ಗುಂಡಿಯ ಒಂದು ಫೋಟೋ. ಇದು ಗಂಟಲು ಇದ್ದ ಹಾಗಿದೆ ಎಂದರು ಡಾಕ್ಟರು. ತಂತಿಹಗ್ಗ ಒದ್ದೆಯಾಗಿ ಕಾಣುತ್ತದೆ ಎಂದಳು ಹುಡುಗಿ. ಫೋಟೋ ತೊಳೆಯುವ ಔಷಧದಲ್ಲಿ ಅರ್ಧ ನಿಮಿಷ ಕಡಿಮೆ ಇಟ್ಟಿದ್ದರೆ ಕಪ್ಪು ಇಷ್ಟು ದಟ್ಟವಾಗುತ್ತಿರಲಿಲ್ಲ ಎಂದು ಮೇಷ್ಟ್ರು ತಕರಾರು ತೆಗೆದರು. ಒಂದು ಗುಂಡಿಗೆ ಮುಕ್ಕಾಲು ಗಂಟೆ. ಅಷ್ಟು ಹೊತ್ತಿನಲ್ಲಿ ನಾನು ಎರಡು ಅಂಗಿಗೆ ಕಾಲರು ಕೂರಿಸುತ್ತೇನೆ.

ನಾನು ಬಟ್ಟೆ ಹೊಲಿಯುವವಳು. ಮುಂದಿನ ಕೋಣೆಯೇ ನನ್ನ ಅಂಗಡಿ. ಇವರು ಗುಂಡಿ, ಮೆಟ್ಟಿಲು, ತುಕ್ಕು, ಕಿತ್ತುಹೋದ ಗೋಡೆ ಎಲ್ಲವನ್ನೂ ತೆಗೆದರು, ನನ್ನನ್ನು ಮಾತ್ರ ತೆಗೆಯಲಿಲ್ಲ. ತಪ್ಪು ನನ್ನದೇ. ಮದುವೆಯಾದ ಹೊಸದರಲ್ಲಿ ಒಮ್ಮೆ ಕ್ಯಾಮೆರಾ ನನ್ನ ಕಡೆ ತಿರುಗಿಸಿದ್ದರು. ಆ ಡಬ್ಬಿಯನ್ನು ಇನ್ನೊಮ್ಮೆ ನನ್ನ ಕಡೆ ತಿರುಗಿಸಿದರೆ ಎತ್ತಿ ಬಿಸಾಡುತ್ತೇನೆ ಎಂದು ರೇಗಿದ್ದೆ. ಇವರು ಅದನ್ನು ಮೂವತ್ತು ವರ್ಷ ಚಾಚೂ ತಪ್ಪದೆ ಪಾಲಿಸಿದರು. ಹೇಳಿದ ಮಾತನ್ನು ಅಷ್ಟೊಂದು ಕೇಳುವ ಗಂಡ ಯಾರಿಗೆ ಬೇಕು?

ಒಂದು ಬುಧವಾರ ಕೆಲಸದ ನಡುವೆ ಯಾವುದೋ ಕಟ್ಟಡದ ನಾಲ್ಕನೇ ಮಹಡಿಯ ಮೆಟ್ಟಿಲ ಮೇಲೆ ಸುಧಾರಿಸಿಕೊಳ್ಳಲು ಕೂತವರು ಮತ್ತೆ ಏಳಲಿಲ್ಲ.

ತಿಂಗಳ ಮೇಲೆ ಮೇಷ್ಟ್ರು, ಡಾಕ್ಟರು, ಹುಡುಗಿ ಮೂವರೂ ಮನೆಗೆ ಬಂದರು. ಸಮಾಧಾನ ಹೇಳಲು ಬಂದರೆಂದುಕೊಂಡೆ. ಅವರು ಬಂದದ್ದು ಫಿಲ್ಮಿಗೆ. ಕೂಟದಲ್ಲಿ ಯಾರಾದರೂ ಹೋದರೆ, ಅವರ ಮನೆಯಲ್ಲಿ ಉಳಿದ ಫಿಲ್ಮನ್ನು ಮಿಕ್ಕವರು ಹಂಚಿಕೊಂಡು, ತಮಗೆ ತೋಚಿದ್ದನ್ನು ತೆಗೆದು, ಒಂದೇ ದಿನ ಮೇಜಿಗೆ ತರಬೇಕಂತೆ. ಅದು ಹೋದವರಿಗೆ ಅವರು ಸಲ್ಲಿಸುವ ಮರ್ಯಾದೆ. ನನಗೆ ಮೈಯೆಲ್ಲ ಉರಿಯಿತು. ಆದರೂ ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಇಟ್ಟಿದ್ದ ತಗಡಿನ ಡಬ್ಬ ತಂದು ಮುಂದೆ ಕುಕ್ಕಿದೆ. ಅದರಲ್ಲಿ ಸರಿಯಾಗಿ ಮೂರು ರೋಲು ಇದ್ದವು. ಇವರು ಉದ್ದನೆಯ ಫಿಲ್ಮ್ ತರಿಸಿ, ಕತ್ತರಿಸಿ, ಹಳೆಯ ಡಬ್ಬಿಗಳಿಗೆ ತಾವೇ ಸುತ್ತಿಡುತ್ತಿದ್ದರು. ಹಾಗಾಗಿ ಯಾವುದರ ಮೇಲೂ ಚೀಟಿಯಿಲ್ಲ, ಮೂರೂ ಒಂದೇ ಥರ. ಒಬ್ಬೊಬ್ಬರು ಒಂದೊಂದು ತೆಗೆದುಕೊಂಡರು.

ಹೊಸ್ತಿಲು ದಾಟುವಾಗ ಮೇಷ್ಟ್ರು ನಿಂತರು.

"ಅಮ್ಮಾ, ಇನ್ನೊಂದು ರೋಲು ಇರ್ಬೇಕಲ್ಲ? ಈ ಸಲದ್ದು ಪೂರ್ತಿ ನಮ್ಮನೆಯವಳ ಫೋಟೋಗಳೇ ಅಂತಿದ್ರು. ಹೋಗೋಕೆ ಎರಡು ದಿನ ಮುಂಚೆ ಫೋನ್ ಮಾಡಿ, ಮುಗೀತು, ಭಾನುವಾರ ತರ್ತೀನಿ ಅಂದಿದ್ರು."

ನನಗೆ ನಂಬಿಕೆಯಾಗಲಿಲ್ಲ. ಮದುವೆಯ ಹೊಸದರ ಆ ಒಂದು ಸಲ ಬಿಟ್ಟರೆ ಇವರು ನನ್ನ ಮುಂದೆ ಕ್ಯಾಮೆರಾ ಹಿಡಿದು ನಿಂತದ್ದೇ ನೆನಪಿಲ್ಲ. ಅವರು ಹೋದ ಮೇಲೆ ಹುಡುಕಲು ಕೂತೆ. ಬೀರು, ಅಂಗಿಯ ಜೇಬು, ಚಪ್ಪಲಿ ಸ್ಟ್ಯಾಂಡು, ಒಂದನ್ನೂ ಬಿಡಲಿಲ್ಲ. ಹೊಲಿಗೆಗೆ ಕೊಟ್ಟವರು ಬಂದು ಬರಿಗೈಯಲ್ಲಿ ಹಿಂತಿರುಗಿದರು. ನನ್ನ ಮುಖ ನೋಡಿಕೊಳ್ಳುವ ಆಸೆಯೇನೂ ನನಗಿರಲಿಲ್ಲ, ಅದಕ್ಕೆ ಕನ್ನಡಿಯಿದೆ. ಆ ಮನುಷ್ಯ ನನ್ನನ್ನು ಹೇಗೆ ನೋಡುತ್ತಿದ್ದ ಎಂದು ನನಗೆ ತಿಳಿಯಬೇಕಿತ್ತು. ಅವರಿದ್ದಾಗ ಕೇಳಲಿಲ್ಲ. ಈಗ ಅದೊಂದನ್ನು ಬಿಟ್ಟರೆ ಬೇರೇನೂ ಬೇಕೆನಿಸುತ್ತಿರಲಿಲ್ಲ.

ಹತ್ತು ದಿನವಾದರೂ ಸಿಗದಿದ್ದಾಗ ಮೇಷ್ಟ್ರಿಗೆ ಫೋನ್ ಮಾಡಿ, ಅದು ನೋಡಲು ಹೇಗಿರುತ್ತದೆ ಎಂದು ಕೇಳಿದೆ. ಅವರು ಪಾಠ ಹೇಳುವ ಹಾಗೆ ಬಿಡಿಸಿ ಹೇಳಿದರು. ಹೊಸ ರೋಲಿನ ಫಿಲ್ಮು ಡಬ್ಬಿಯಿಂದ ಒಂದಿಷ್ಟು ಹೊರಗೆ ಚಾಚಿಕೊಂಡಿರುತ್ತದೆ. ಅದಕ್ಕೆ ನಾಲಗೆ ಎನ್ನುತ್ತಾರೆ. ಬೇರೆಯವರು ಮುಗಿದ ಮೇಲೆ ಫಿಲ್ಮನ್ನು ಪೂರ್ತಿ ಒಳಗೆ ಸುತ್ತಿಬಿಡುತ್ತಾರೆ. ನಮ್ಮವರು ಮಾತ್ರ ಡಬ್ಬಿ ಒಡೆಯದೆ ಎಳೆಯಲು ಬರಲೆಂದು ನಾಲಗೆಯನ್ನು ಹೊರಗೇ ಬಿಡುತ್ತಿದ್ದರಂತೆ.

"ಹೊಸದಕ್ಕೂ ಮುಗಿದಿದ್ದಕ್ಕೂ ಗೊಂದಲ ಆಗ್ಬಾರ್ದು ಅಂತ ತುದಿ ಮಡಚಿ ಇಡೋರು. ಮಡಿಕೆ ಇದ್ರೆ ಮುಗಿದಿದೆ ಅಂತ ಅರ್ಥ."

ಇವರು ಹೋದ ಐದನೆಯ ದಿನ ಕಂಪನಿಯವರು ಸಾಮಾನಿನ ಚೀಲ ತಂದುಕೊಟ್ಟಿದ್ದರು. ಅದರಲ್ಲಿ ಸ್ಕ್ರೂಡ್ರೈವರುಗಳ ನಡುವೆ ಒಂದು ರೋಲಿತ್ತು, ತುದಿ ಮಡಚಿಕೊಂಡಿತ್ತು. ಏನೇ ಆಗಲಿ, ಅಂಚು ಮಡಚಿಕೊಂಡದ್ದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹೆಬ್ಬೆರಳ ಉಗುರಿನಿಂದ ಉಜ್ಜಿ ನೆಟ್ಟಗೆ ಮಾಡಿದೆ. ಅದೂ ಸಾಲದೆಂದು ಆ ತುದಿಯ ಮೇಲೆ ತಣ್ಣಗಿನ ಇಸ್ತ್ರಿಪೆಟ್ಟಿಗೆಯನ್ನು ಒಂದು ದಿನ ಹೇರಿಟ್ಟೆ. ಆಮೇಲೆ ಹೊಸದೇ ಎಂದುಕೊಂಡು ಫ್ರಿಜ್ಜಿನ ಡಬ್ಬದಲ್ಲಿದ್ದ ಎರಡು ರೋಲುಗಳ ಜೊತೆ ಹಾಕಿದೆ. ನಾನೇ ಬಿಡಿಸಿ, ನಾನೇ ಎತ್ತಿ ಕೊಟ್ಟಿದ್ದೆ.

ಇದನ್ನು ಹೇಳಿದಾಗ ಮೇಷ್ಟ್ರು ಒಂದು ಮಾತೂ ಬಯ್ಯಲಿಲ್ಲ. ತಮ್ಮ ಪಾಲಿನ ರೋಲನ್ನು ಅವರು ಇನ್ನೂ ಕ್ಯಾಮೆರಾಕ್ಕೇ ಹಾಕಿರಲಿಲ್ಲ. ಅಂದೇ ತಮ್ಮ ಬಚ್ಚಲಮನೆಯಲ್ಲಿ ಔಷಧಕ್ಕೆ ಹಾಕಿ ತೊಳೆದರು. ಅದು ಬರೀ ಖಾಲಿ. ಹುಡುಗಿ ಹನ್ನೊಂದು ಚಿತ್ರ ತೆಗೆದಿದ್ದಳು, ಅರ್ಧಕ್ಕೇ ನಿಲ್ಲಿಸಿ ತಂದುಕೊಟ್ಟಳು. ಅದರಲ್ಲಿ ಅವಳ ಹನ್ನೊಂದಷ್ಟೇ ಇದ್ದವು. ಉಳಿದದ್ದು ಡಾಕ್ಟರದು. ಎಲ್ಲರಿಗಿಂತ ಮೊದಲು ಮುಗಿಸುವ ಚಟ ಆ ಮನುಷ್ಯನಿಗೆ. ಹತ್ತೇ ದಿನದಲ್ಲಿ ಮೂವತ್ತನಾಲ್ಕು ಬಾರಿ ಒತ್ತಿ, ಇನ್ನೆರಡಕ್ಕೆ ಕಾಯುವ ತಾಳ್ಮೆಯಿಲ್ಲದೆ ರೋಲು ಬಿಚ್ಚಿಟ್ಟಿದ್ದರು. ನಾಲಗೆಯ ಮೇಲೊಂದು ಗೆರೆ ಕಂಡಿತ್ತಂತೆ, ಹಳೆಯ ಫಿಲ್ಮಿರಬೇಕು ಎಂದುಕೊಂಡರಂತೆ. ಇವರ ಚಿತ್ರಗಳ ಮೇಲೆಯೇ ಅವರು ತೆಗೆದದ್ದು ತಮ್ಮ ದವಾಖಾನೆಯಲ್ಲಿ ಸರದಿಗೆ ಕಾಯುತ್ತ ಕೂತವರನ್ನು.

ಆ ಭಾನುವಾರ ನಾನೂ ಮೇಷ್ಟ್ರ ಮನೆಗೆ ಹೋದೆ. ಡಾಕ್ಟರು ತಲೆ ಎತ್ತಲಿಲ್ಲ. ನಿಯಮ ಮುರಿದು, ನನ್ನಿಂದ ದೊಡ್ಡ ಅನ್ಯಾಯವಾಯಿತು ಎಂದು ಶುರು ಮಾಡಿದರು.

"ಸುಮ್ನಿರಿ ಡಾಕ್ಟ್ರೇ, ಮಡಿಕೆ ಬಿಡಿಸಿದ್ದು ನಾನು," ಎಂದೆ.

ಮೇಷ್ಟ್ರು ಮೂವತ್ತಾರನ್ನೂ ಸಾಲಾಗಿ ಇಟ್ಟರು. ಒಂದರ ಮೇಲೊಂದು ಮೂಡಿದ ಚಿತ್ರಗಳು, ಅಂಚಿಗೆ ಅಂಚು ಕೂಡುತ್ತಿರಲಿಲ್ಲ. ಕೆನ್ನೆಗೆ ಕೈ ಒತ್ತಿಕೊಂಡ ಒಬ್ಬ ಮುದುಕನ ಎದೆಯೊಳಗೆ ನನ್ನ ಮೆಷೀನಿನ ಚಕ್ರ. ಬಾಯಿ ಊದಿಸಿಕೊಂಡ ಒಬ್ಬ ದಢೂತಿಯ ಹೊಟ್ಟೆಯ ಮೇಲೆ ನನ್ನ ಬೈತಲೆ. ಅಂಚೆಯ ಹುಡುಗಿ ತಡೆಯಲಾರದೆ, ಬೇಕೆಂದು ಮಾಡಿದರೂ ಯಾರಿಗೂ ಇಷ್ಟು ಚೆನ್ನಾಗಿ ಬರುವುದಿಲ್ಲ ಎಂದಳು. ಮೇಷ್ಟ್ರು ಹೌದೆಂದು ತಲೆಯಾಡಿಸಿ, ಬೂದು ಬಣ್ಣ ಎಷ್ಟು ಹದವಾಗಿ ಬಂದಿದೆ ಎಂದು ತೋರಿಸಲು ಹೊರಟರು. ನನಗೆ ಸಿಟ್ಟು ನೆತ್ತಿಗೇರಿತು. ಚಂದ ಯಾರಿಗೆ ಬೇಕಿತ್ತು? ಆ ಹಲ್ಲುನೋವಿನವರನ್ನೆಲ್ಲ ಹೊರಗಟ್ಟಿ ಇವರು ಕಂಡದ್ದನ್ನಷ್ಟೇ ನಾನು ಕಾಣಬೇಕಿತ್ತು. ದೀಪ ಹತ್ತಿರ ತರಲು ಹೇಳಿ ಕನ್ನಡಕ ಏರಿಸಿದೆ.

ಫೋಟೋ ನೋಡಲು ನನಗೆ ಬಾರದು, ಬಟ್ಟೆ ನೋಡಲು ಬರುತ್ತದೆ. ಮೊದಲನೆಯದರಲ್ಲಿ ಮೆಷೀನಿನ ಮೇಲಿದ್ದದ್ದು ಚೌಕಳಿ ಸಮವಸ್ತ್ರ. ಅಂದರೆ ಶಾಲೆ ಶುರುವಾಗುವ ಮೊದಲಿನ ವಾರ. ಆಮೇಲೆ ಆಸ್ಪತ್ರೆಯ ಪಟ್ಟೆ ಪರದೆಗಳು, ಅರವತ್ತು ಪರದೆಗಳ ಕೆಲಸ ಅದು. ಆಮೇಲೆ ಪಕ್ಕದ ಮನೆಯ ಸೊಸೆಯ ಉದ್ದ ಕೋಟು, ಮೂರು ಸಲ ಬಿಚ್ಚಿ ಹೊಲಿದದ್ದು. ಹೀಗೆ ಒಂದೊಂದಕ್ಕೂ ದಿನ ಗುರುತಿಸುತ್ತ ಹೋದೆ. ದಿನಕ್ಕೊಂದು, ಕೆಲವೊಮ್ಮೆ ಎರಡು ದಿನಕ್ಕೊಂದು. ಎಲ್ಲವೂ ನನ್ನ ಬೆನ್ನ ಹಿಂದೆ, ಕೋಣೆಗೆ ಬೆಳಕು ಬರುವ ಬಾಗಿಲಿನಿಂದ ತೆಗೆದವು. ಕೆಲಸಕ್ಕೆ ಹೊರಡುವ ಮೊದಲು ಇವರು ಚಹಾದ ಲೋಟ ಹಿಡಿದು ಅಲ್ಲಿ ನಿಲ್ಲುತ್ತಿದ್ದದ್ದು ನನಗೆ ಗೊತ್ತಿತ್ತು. ಚಹಾ ಕುಡಿಯುತ್ತಿದ್ದಾರೆ ಎಂದೇ ತಿಳಿದಿದ್ದೆ. ಮೆಷೀನಿನ ಸದ್ದಿನಲ್ಲಿ ಕ್ಯಾಮೆರಾದ ಸದ್ದು ಕೇಳಿಸಿರಲಿಲ್ಲ. ಮೂವತ್ತನಾಲ್ಕರಲ್ಲೂ ನನ್ನ ತಲೆ ಬಗ್ಗಿಯೇ ಇತ್ತು.

"ತಲೆ ಎತ್ತಿ ತಿರುಗ್ಲಿ ಅಂತ ದಿನಾ ಕಾಯ್ತೀನಿ ಮೇಷ್ಟ್ರೇ, ಎತ್ತೋದೇ ಇಲ್ಲ ಅಂತಿದ್ರು," ಎಂದರು ಮೇಷ್ಟ್ರು.

ಡಾಕ್ಟರು ಮುಟ್ಟದೆ ಬಿಟ್ಟ ಕೊನೆಯ ಎರಡು ಚಿತ್ರಗಳು ನಿಚ್ಚಳವಾಗಿದ್ದವು. ಮೂವತ್ತೈದನೆಯದರಲ್ಲಿ ನನ್ನ ಕತ್ತಿನ ಹಿಂಭಾಗ, ಬೆವರಿಗೆ ಅಂಟಿದ ಕೂದಲು. ಮೂವತ್ತಾರನೆಯದರಲ್ಲಿ ನಾನು ಹಿಂದಕ್ಕೆ ತಿರುಗಿದ್ದೆ. ಹುಬ್ಬು ಗಂಟಿಕ್ಕಿದೆ, ಬಾಯಿ ತೆರೆದಿದೆ, ಒಂದು ಕೈ ಮೇಲಕ್ಕೆದ್ದಿದೆ. ಆದರೂ ಆ ಮುಖ ಕೆಟ್ಟದಾಗಿರಲಿಲ್ಲ. ಇಷ್ಟಪಟ್ಟವರು ನೋಡಿದರೆ ಹೀಗೂ ಕಾಣುತ್ತೇನೆಂದು ನನಗೆ ಗೊತ್ತಿರಲಿಲ್ಲ. ಅದನ್ನು ಎದೆಗೆ ಒತ್ತಿಕೊಂಡು ಅಷ್ಟು ಜನರ ಮುಂದೆ ಅತ್ತೆ.

ಆ ಸೋಮವಾರ ಇವರು ಫೋನ್ ಮಾಡಿದಾಗ ಹೇಳಿದ ಮೊದಲ ಮಾತೇ, ತಲೆ ಎತ್ತಿದಳು ಮೇಷ್ಟ್ರೇ, ಎಂಬುದಾಗಿತ್ತಂತೆ. ಮೇಷ್ಟ್ರು ಅದನ್ನು ನಗುತ್ತಲೇ ಹೇಳಿದರು, ಕಣ್ಣು ಮಾತ್ರ ಒದ್ದೆಯಾಗಿತ್ತು. ಅಂಚೆಯ ಹುಡುಗಿ ನನ್ನ ಬೆನ್ನು ಸವರುತ್ತ, ಇದರಲ್ಲಿ ಅವರಿಗೆ ಏನು ಹೇಳುತ್ತಿದ್ದಿರಿ ಎಂದು ಕೇಳಿದಳು.

ನನಗೆ ಚೆನ್ನಾಗಿ ನೆನಪಿತ್ತು. ಅಂದು ಮೆಷೀನಿನ ಮೇಲಿದ್ದದ್ದು ಕರಿಯ ಕೋಟಿನ ಕರಿಯ ಲೈನಿಂಗು. ಕರಿಯದರ ಮೇಲೆ ಕರಿಯ ದಾರ ಕಾಣದೆ ತಲೆ ಸಿಡಿಯುತ್ತಿತ್ತು. ಬೆಳಕಿಗೆ ಬೆನ್ನು ಮಾಡಿ ನಿಂತವರ ಕೈಯಲ್ಲಿ ಏನಿದೆ ಎಂದೂ ಕಂಡಿರಲಿಲ್ಲ.

"ಬೆಳಕಿಗೆ ಅಡ್ಡ ನಿಲ್ಬೇಡಿ, ಆ ಕಡೆ ಹೋಗಿ ಅಂದೆ."

ಇವರು ಆಯಿತು ಎಂದು ಸರಿದುಕೊಂಡಿದ್ದರು. ಮಂಗಳವಾರ ಚಹಾವನ್ನು ಅಡುಗೆಮನೆಯಲ್ಲೇ ನಿಂತು ಕುಡಿದರು. ಬುಧವಾರವೂ ಅಲ್ಲೇ ಕುಡಿದು ಕೆಲಸಕ್ಕೆ ಹೋದರು. ಎರಡೂ ದಿನ ನನಗೆ ಬೆಳಕು ಚೆನ್ನಾಗಿ ಸಿಕ್ಕಿತು, ಲೈನಿಂಗು ಬೇಗ ಮುಗಿಯಿತು.