ನಾಲ್ಕು ಗಂಟೆಯ ನೆರಳು

ಡಿಪ್ಲೊಮಾ ಮುಗಿಸಿ ನಕ್ಷೆ ಬಿಡಿಸುವ ಕೆಲಸ ಕಲಿತಿದ್ದ ಸುಧಾ, ಮದುವೆಯಾಗಿ ಮಗಳು ಹುಟ್ಟಿದ ಮೇಲೆ ಆವರಗೆರೆಯ ಮನೆಯಲ್ಲೇ ಉಳಿದುಬಿಟ್ಟಿದ್ದಳು. ಮಗಳು ಹೈಸ್ಕೂಲು ಸೇರಿದ ವರ್ಷ ಮತ್ತೆ ಹೊರಗೆ ಬಂದು, ದಾವಣಗೆರೆಯ ವಿದ್ಯಾನಗರದಲ್ಲಿ ಎಂಜಿನಿಯರ್ ಏಕಾಂತಪ್ಪನವರ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಳು. ಗೋಡೆ, ಬಾಗಿಲು, ಕಂಬ, ಅಳತೆ ಯಾವುದನ್ನೂ ಕೈ ಮರೆತಿರಲಿಲ್ಲ. ಬಣ್ಣ ಮಾತ್ರ ಬರುತ್ತಿರಲಿಲ್ಲ. ಅವಳು ಓದುವ ಕಾಲಕ್ಕೆ ನಕ್ಷೆಯೆಂದರೆ ಬಿಳಿ ಹಾಳೆಯ ಮೇಲೆ ಕಪ್ಪು ಗೆರೆ, ಅಷ್ಟೇ. ಈಗ ಪಕ್ಕದ ಕುರ್ಚಿಯ ತೌಸೀಫ್ ಗೋಡೆಗೆ ಬಣ್ಣ, ಅಂಗಳಕ್ಕೆ ಹುಲ್ಲು, ಕಿಟಕಿಯ ಗಾಜಿಗೆ ಹೊಳಪು ಎಲ್ಲವನ್ನೂ ಪರದೆಯ ಮೇಲೆಯೇ ಹಾಕಿ ತೋರಿಸುತ್ತಿದ್ದ. ಸುಧಾ ಅದನ್ನು ಶೋಕಿ ಎಂದುಕೊಂಡು ತನ್ನ ಪಾಡಿಗೆ ಗೆರೆ ಎಳೆಯುತ್ತಿದ್ದಳು.

ಅವಳ ಆ ಗೆರೆಗಳು ಹರಿಹರದಲ್ಲಿ ಸೋತುಬಂದವು.

ಅಲ್ಲಿ ರಸ್ತೆ ಬದಿಯಲ್ಲಿ ಕೂತು ತರಕಾರಿ ಮಾರುವ ಹೆಂಗಸರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. ವರ್ಷಗಟ್ಟಲೆ ಓಡಾಡಿದ ಮೇಲೆ ಅವರಿಗೆ ಒಂದು ಖಾಲಿ ಜಾಗ ಸಿಕ್ಕಿತ್ತು. ಅದರ ಮೇಲೆ ಚಾವಣಿ ಹಾಕಿ ಮಾರುಕಟ್ಟೆ ಕಟ್ಟಬೇಕು. ನಕ್ಷೆಗೆ ಸಂಘದವರೆಲ್ಲ ಒಪ್ಪಬೇಕು. ಏಕಾಂತಪ್ಪ ಹಾಳೆ ಹಾಸಿ ಬಹಳ ಹೊತ್ತು ವಿವರಿಸಿದರು. ಸಂಘದ ಅಧ್ಯಕ್ಷೆ ಹುಲಿಗೆಮ್ಮ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಸಾಹೇಬ್ರೆ, ಇದ್ರಾಗೆ ನಮಗೆ ಗೆರೆ ಬಿಟ್ರೆ ಏನೂ ಕಾಣವಲ್ದು. ಕಾಣದೇ ಇದ್ದದ್ದಕ್ಕೆ ಹೂಂ ಅಂತ ಹೆಂಗೆ ಅನ್ನಾಣ? ರಸ್ತೆ ಮ್ಯಾಲೆ ನಮ್ಮ ಜಾಗ ಯಾವ್ದು ಅಂತನಾದ್ರೂ ಗೊತ್ತೈತೆ."

ಉಳಿದವರೂ ತಲೆಯಾಡಿಸಿ ಎದ್ದರು. ಮುಂದಿನ ಸಭೆಯಲ್ಲೂ ಒಪ್ಪಿಗೆ ಸಿಗದಿದ್ದರೆ ಆ ಜಾಗ ಬೇರೆ ಕೆಲಸಕ್ಕೆ ಹೋಗುವುದಿತ್ತು. ಕಾರಿನಲ್ಲಿ ವಾಪಸು ಬರುವಾಗ ಏಕಾಂತಪ್ಪ, "ಬಣ್ಣ ಹಾಕಿ ತೋರಿಸೋಣ್ರಿ. ತೌಸೀಫ್ ತಂಗಿ ಮದುವಿ ಅಂತ ರಜಾ ಹಾಕ್ಯಾನೆ. ನೀವೇ ಕೂತು ಮಾಡ್ರಿ, ಸುಧಾ" ಎಂದರು.

ಮರುದಿನವೆಲ್ಲ ಸುಧಾ ಕೂತು ಬಣ್ಣ ತುಂಬಿದಳು. ನೆಲಕ್ಕೆ ಕಂದು, ಕಟ್ಟೆಗಳಿಗೆ ಹಸಿರು, ದಾರಿಗೆ ಹಳದಿ, ಗೋದಾಮಿಗೆ ನೀಲಿ. ಪರದೆಯ ಮೇಲೆ ಚೆನ್ನಾಗಿಯೇ ಇತ್ತು. ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಬಂದಾಗ ನೋಡಿದರೆ, ಬಣ್ಣ ಕೂತು ಗೆರೆಗಳೇ ಮಾಯವಾಗಿದ್ದವು. ಕಂಬ ಎಲ್ಲಿ, ಕಟ್ಟೆ ಎಲ್ಲಿ ಎಂದು ಬಿಡಿಸಿದವಳಿಗೇ ತಿಳಿಯುತ್ತಿರಲಿಲ್ಲ. ನಾಚಿಕೆ ಬಿಟ್ಟು ತೌಸೀಫ್‌ಗೆ ಫೋನ್ ಮಾಡಿದಳು. ಆ ಕಡೆ ಮದುವೆ ಮನೆಯ ಗದ್ದಲ.

"ಮೇಡಂ, ಬಣ್ಣನ ಗೆರೆ ಕೆಳಗೆ ಕಳಸ್ರಿ. ಆಮೇಲೆ ಅದನ್ನ ತೆಳ್ಳಗೆ ಮಾಡ್ರಿ, ಹಿಂದಿಂದು ಕಾಣೋ ಹಂಗೆ. ಇನ್ನೊಂದು ಮಾತು. ಎಲ್ಲಾದಕ್ಕೂ ಬಣ್ಣ ಹಾಕ್ಬ್ಯಾಡ್ರಿ. ನೋಡೋರಿಗೆ ಏನು ಬೇಕೋ ಅದಕ್ಕಷ್ಟೇ ಹಾಕ್ರಿ."

ನೋಡುವವರಿಗೆ ಏನು ಬೇಕು ಎಂಬುದು ಕಚೇರಿಯಲ್ಲಿ ಕೂತರೆ ಗೊತ್ತಾಗುವಂಥದ್ದಲ್ಲ. ಸುಧಾ ಮರುದಿನ ಮಧ್ಯಾಹ್ನದ ಬಸ್ಸು ಹಿಡಿದು ಹರಿಹರಕ್ಕೆ ಹೋದಳು. ಏಪ್ರಿಲ್ ಬಿಸಿಲು ಡಾಂಬರನ್ನು ಕಾಯಿಸುತ್ತಿತ್ತು. ಸೊಪ್ಪು ಮಾರುವ ಹಜೀರಾಬೀ ಒಂದು ಅಂಗಡಿಯ ಗೋಡೆಗೆ ಅಂಟಿಕೊಂಡು ಕೂತಿದ್ದಳು. ಬಿಸಿಲು ಪಾದದ ಹತ್ತಿರ ಬಂದ ಹಾಗೆಲ್ಲ ಸೊಪ್ಪಿನ ಬುಟ್ಟಿಯನ್ನು ಒಳಕ್ಕೆ ಎಳೆದುಕೊಂಡು, ಒದ್ದೆ ಗೋಣಿ ಹೊದಿಸಿ, ಮೇಲೆ ನೀರು ಚಿಮುಕಿಸುತ್ತಿದ್ದಳು.

"ವ್ಯಾಪಾರ ಯಾವಾಗ ಜೋರು ಅಮ್ಮಾ?" ಸುಧಾ ಕೇಳಿದಳು.

"ನಾಕರ ಮ್ಯಾಲೆ ಬೇಟಿ. ಆಫೀಸು, ಸಾಲಿ ಬಿಟ್ಟೋರು ಆವಾಗ್ಲೇ ಬರಾದು. ಬಿಸಿಲೂ ಆವಾಗ್ಲೇ ಮುಖಕ್ಕೆ ಹೊಡಿಯಾದು. ಸೊಪ್ಪು ಬಾಡಿದ್ರೆ ಯಾರೂ ಮುಟ್ಟಂಗಿಲ್ಲ."

ಸುಧಾ ಕತ್ತಲಾಗುವುದರೊಳಗೆ ದಾವಣಗೆರೆಗೆ ಮರಳಿದಳು. ಮಾರನೆಯ ಬೆಳಿಗ್ಗೆ ಹಳೆಯ ಬಣ್ಣಗಳನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡಿದಳು. ಸೊಪ್ಪಿನ ಸಾಲಿಗೆ ಎಳೆಹಸಿರು, ಟೊಮೆಟೊ ಸಾಲಿಗೆ ಕೆಂಪು, ಈರುಳ್ಳಿ ಸಾಲಿಗೆ ತಿಳಿ ನೇರಳೆ. ಮಿಕ್ಕಿದ್ದೆಲ್ಲ ಖಾಲಿ. ತೆಳು ಬಣ್ಣದೊಳಗಿಂದ ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಆಮೇಲೆ ಗೋಡೆ, ಕಂಬ, ಚಾವಣಿಗಳನ್ನು ಎತ್ತರಿಸಿ ನಿಲ್ಲಿಸಿ, ಸೂರ್ಯನ ಬೆಳಕು ಹಾಕಿದಳು. ಯಾವ ಊರು, ಯಾವ ತಿಂಗಳು, ಎಷ್ಟು ಹೊತ್ತು ಎಂದು ಸಾಫ್ಟ್‌ವೇರ್ ಕೇಳಿತು. ಹರಿಹರ, ಏಪ್ರಿಲ್, ಸಂಜೆ ನಾಲ್ಕು ಎಂದು ಕೊಟ್ಟಳು.

ಪರದೆಯ ಮೇಲೆ ನೆರಳು ಇಳಿಯಿತು. ಚಾವಣಿಯ ನೆರಳೆಲ್ಲ ಪೂರ್ವಕ್ಕೆ ಸರಿದು ಗೋದಾಮಿನ ಮೇಲೆ ತಂಪಾಗಿ ಬಿದ್ದಿತ್ತು. ಪಶ್ಚಿಮದ ಅಂಚಿನಲ್ಲಿದ್ದ ಎಳೆಹಸಿರು ಸಾಲು ಇಡಿಯಾಗಿ ಬಿಸಿಲಿನಲ್ಲಿ ಬೆಳಗುತ್ತಿತ್ತು. ಗೆರೆಯ ನಕ್ಷೆಯಲ್ಲಿ ಏಕಾಂತಪ್ಪನವರಿಗೂ ಇದು ಕಂಡಿರಲಿಲ್ಲ, ಬಿಡಿಸಿದ ಅವಳಿಗೂ ಕಂಡಿರಲಿಲ್ಲ.

ಏಕಾಂತಪ್ಪ ಬಂದು ನೋಡಿದರು. ಮೊದಲು ಹಣೆ ಉಜ್ಜಿಕೊಂಡರು. "ಈಗ ಬದಲಾಯಿಸೋದು ಅಂದ್ರೆ ಪೂರ್ತಿ ತಿರುಗಿ ಮಾಡ್ಬೇಕಲ್ರಿ. ಸಭೆ ನಾಡಿದ್ದೈತೆ."

"ಗೋದಾಮಿಗೆ ಬಿಸಿಲು ಬಿದ್ರೆ ಏನೂ ಆಗಲ್ಲ ಸರ್. ಅದನ್ನ ಪಶ್ಚಿಮಕ್ಕೆ ತಂದ್ರೆ ಅದರ ಗೋಡೇನೇ ಮರೆ ಆಗ್ತೈತೆ. ಸೊಪ್ಪಿನೋರನ್ನ ಪೂರ್ವಕ್ಕೆ ಹಾಕೋಣ."

ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. "ಸರಿ, ಮಾಡ್ರಿ ನೋಡೋಣ." ಸುಧಾ ಎರಡು ಭಾಗಗಳನ್ನೂ ಅದಲುಬದಲು ಮಾಡಿದಳು. ಗೋದಾಮಿನ ಗೋಡೆಯ ಉದ್ದನೆಯ ನೆರಳು ಚಾವಣಿಯ ನೆರಳಿನೊಂದಿಗೆ ಕೂಡಿಕೊಂಡು ಹಸಿರು ಸಾಲನ್ನು ಪೂರಾ ಮುಚ್ಚಿತು. ಏಕಾಂತಪ್ಪ ಎದ್ದು ಹೋಗಿ ಇಬ್ಬರಿಗೂ ತಾವೇ ಚಹಾ ತಂದರು. ಕಂಬಗಳ ಲೆಕ್ಕವನ್ನು ಹೊಸದಾಗಿ ಮಾಡುವ ಕೆಲಸವನ್ನು ಆ ಸಂಜೆ ಅವರೇ ವಹಿಸಿಕೊಂಡರು.

ಸಭೆಯ ದಿನ ಬಣ್ಣ, ನೆರಳು ಸಮೇತ ಅಚ್ಚಾದ ಹೊಸ ಹಾಳೆಯನ್ನು ಜಮಖಾನದ ಮೇಲೆ ಹಾಸಿದಾಗ ಈ ಬಾರಿ ಏಕಾಂತಪ್ಪ ವಿವರಿಸಲಿಲ್ಲ. "ನೀವೇ ಹೇಳ್ರಿ" ಎಂದು ಸುಧಾಳ ಕಡೆ ನೋಡಿದರು. ಅವಳು ಬಾಯಿ ತೆರೆಯುವ ಮೊದಲೇ ಹೆಂಗಸರು ಹಾಳೆಯ ಸುತ್ತ ಬಗ್ಗಿದ್ದರು.

"ಈ ಕೆಂಪು ಟಮಾಟಿ ಏನವ್ವಾ?"

"ಹೌದು."

"ಹಂಗಾದ್ರೆ ಈ ಹಸಿರು ಸೊಪ್ಪು. ಇದು ಬರೋ ದಾರಿ." ಹುಲಿಗೆಮ್ಮನ ಬೆರಳು ಬಾಗಿಲಿನಿಂದ ಹೊರಟು, ಕಂಬಗಳನ್ನು ಬಳಸಿ, ಟೊಮೆಟೊ ಸಾಲಿನ ಮೂಲೆಯಲ್ಲಿ ನಿಂತಿತು. "ನಾನು ಇಲ್ಲಿ ಕೂಡ್ತೀನಿ."

"ಅದೆಂಗೆ ನೀನು ಮೂಲಿ ಹಿಡೀತಿ? ಮೂಲಿ ನಂಗೆ ಬೇಕು" ಎಂದಳು ಪಕ್ಕದವಳು. ಮತ್ತೊಬ್ಬಳು ನೀರಿನ ನಲ್ಲಿ ಎಲ್ಲಿ ಎಂದು ಕೇಳಿದಳು. ಇನ್ನೊಬ್ಬಳು, ತಕ್ಕಡಿ ಇಡುವ ಕಟ್ಟೆ ಗಿಡ್ಡಾಯಿತು, ಮೊಣಕಾಲಿಗೆ ಕಷ್ಟ ಎಂದಳು. ಸುಧಾ ಒಂದೊಂದನ್ನೂ ಬರೆದುಕೊಂಡಳು. ಜಾಗಕ್ಕಾಗಿ ಜಗಳ ಏರುತ್ತಿದ್ದಂತೆ ಅವಳ ಎದೆ ಹಗುರಾಗುತ್ತ ಹೋಯಿತು. ಇಲ್ಲದ ಕಟ್ಟಡದೊಳಗೆ ಅವರೆಲ್ಲ ಆಗಲೇ ಓಡಾಡುತ್ತಿದ್ದರು.

ಹಜೀರಾಬೀ ಮಾತ್ರ ಹಸಿರು ಸಾಲಿನ ಮೇಲೆ ಗೋಡೆಯ ಕಡೆಯಿಂದ ಚಾಚಿದ್ದ ಬೂದು ಬಣ್ಣವನ್ನು ಅಂಗೈಯಿಂದ ಸವರಿದಳು. "ಇದು ನಾಕು ಗಂಟೆ ನೆರಳೇನು?"

"ನಾಲ್ಕು ಗಂಟೇದೇ ಅಮ್ಮಾ. ಏಪ್ರಿಲ್ ತಿಂಗಳದ್ದು."

ಹಜೀರಾಬೀ ಹುಲಿಗೆಮ್ಮನ ಭುಜ ತಟ್ಟಿದಳು. "ಹೂಂ ಅನ್ನು ಅಕ್ಕ."

ಹುಲಿಗೆಮ್ಮ ಎದ್ದು ನಿಂತು ಸುತ್ತ ನೋಡಿ, ಕೈ ಎತ್ತಿರಿ ಎಂದಳು. ಬಳೆಗಳು ಒಟ್ಟಿಗೆ ಸದ್ದು ಮಾಡಿದವು. ಎತ್ತದ ಕೈ ಒಂದೂ ಇರಲಿಲ್ಲ. ಮೂಲೆಗಾಗಿ ಜಗಳವಾಡುತ್ತಿದ್ದವಳು ಎರಡೂ ಕೈ ಎತ್ತಿದ್ದಳು.

ಸುಧಾ ಹಾಳೆ ಸುತ್ತಿಕೊಳ್ಳಲು ಬಗ್ಗಿದರೆ ಹೆಂಗಸರು ಬಿಡಲಿಲ್ಲ. ನಾಲ್ವರು ನಾಲ್ಕು ತುದಿ ಹಿಡಿದು ಅದನ್ನು ಹೊರಗೆ ಹೊತ್ತುಕೊಂಡೇ ಹೋದರು. ವ್ಯಾಪಾರ ಬಿಟ್ಟು ಬರಲಾಗದೆ ರಸ್ತೆಯಲ್ಲೇ ಉಳಿದಿದ್ದವರಿಗೆ ತೋರಿಸಬೇಕಿತ್ತು. ಹಾಳೆ ಬುಟ್ಟಿಗಳ ಮೇಲಿಂದ, ತಲೆಗಳ ನಡುವಿನಿಂದ ಮುಂದೆ ಸಾಗಿತು. ನಿಂಬೆಹಣ್ಣಿನ ಗಾಡಿಯ ಹಿದಾಯತ್ ಕತ್ತು ಚಾಚಿ, "ಇದ್ಯಾಕ ಇಲ್ಲಿ ಮಸಿ ಬಿದ್ದೈತೆ?" ಎಂದ.

"ಮಸಿ ಅಲ್ಲಪ್ಪ, ನೆರಳು" ಎಂದು ಹಜೀರಾಬೀ ಅವನಿಗೆ ಪಶ್ಚಿಮ ಯಾವುದು, ಗೋದಾಮು ಯಾವುದು ಎಂದು ಬೆರಳಿಟ್ಟು ವಿವರಿಸತೊಡಗಿದಳು.

"ಬಿಡ್ರಿ, ಆಫೀಸಿನಾಗೆ ಇನ್ನೊಂದು ತೆಗೆದ್ರಾತು" ಎಂದರು ಏಕಾಂತಪ್ಪ. ಸುಧಾ ಕೇಳಿಸಿಕೊಳ್ಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಅವಳೂ ಜನರ ನಡುವೆ ನುಗ್ಗಿ, ಗಾಳಿಗೆ ಮಡಚಿಕೊಳ್ಳುತ್ತಿದ್ದ ಹಾಳೆಯ ಒಂದು ಅಂಚನ್ನು ಹಿಡಿದುಕೊಂಡಳು.