ಬಕೆಟ್ಟಿನ ಅಲೆ, ಲಾಳಿಕೆಯ ಗಾಳಿ

ಜಲಜಾಕ್ಷಿ ಚಟ್ನಿಗೆ ಮಿಕ್ಸಿ ಹಾಕಿದ್ದೇ ತಡ, ಗರ್ರ್ ಎಂದದ್ದು ಗಪ್ಪಾಯಿತು. 2007ರಲ್ಲಿ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಇದೇನೂ ಹೊಸದಲ್ಲ. ಲೋಡ್‌ಶೆಡ್ಡಿಂಗಿನ ವೇಳಾಪಟ್ಟಿ ಫ್ರಿಜ್ಜಿನ ಮೇಲೇ ಅಂಟಿಕೊಂಡಿತ್ತು. ಇವತ್ತು ಮಾತ್ರ ಹತ್ತು ನಿಮಿಷ ಮೊದಲೇ ಹೋಗಿತ್ತು.

ಎದುರುಮನೆಯ ಪಾರವ್ವ ಒಳಗೆ ಬಂದರು. "ನಿಮ್ಮದೂ ಅರ್ಧಕ್ಕ ನಿಂತತೇನ್ರಿ?"

"ಹೌದು ಮಾರಾಯ್ರೆ. ಇವತ್ತು ಜಗಿದು ತಿನ್ನುವ ಚಟ್ನಿ."

ಆರನೇ ಕ್ಲಾಸಿನ ಮಗಳು ಅಶ್ಮಿತಾ ಮಾತ್ರ ನಗಲಿಲ್ಲ. ಹತ್ತು ಗಂಟೆಗೆ ಕನ್ನಡ ಸಂಘದ ಸಭೆಗೆ ವಿದ್ಯುತ್ ಇಂಜಿನಿಯರ್ ಬರುವವರಿದ್ದರು. ಅಲೆಯಿಂದ ಕರೆಂಟ್ ಮಾಡುವ ಬಗ್ಗೆ ಅವಳು ಪ್ರಶ್ನೆ ಕೇಳಬೇಕಿತ್ತು. "ಮಮ್ಮಿ, ನಾನು ಕೇಳಲ್ಲ. ನನ್ನ ಕನ್ನಡಕ್ಕೆ ಸಬ್ ನಗ್ತಾರೆ."

"ಅಲೆಯಿಂದ ಕರೆಂಟ?" ಪಾರವ್ವ ಸೊಂಟಕ್ಕೆ ಕೈಯಿಟ್ಟರು. "ಮೀನಿಗೆ ಶಾಕ್ ಹೊಡಿಯೂದಿಲ್ಲೇನು? ಮೀನ ತಿನ್ನೂ ಕರಾವಳಿ ಮಂದಿ, ನಿಮಗ ಚಲೋ ಆತು ಬಿಡ್ರಿ, ಹುರಿದ ಬಂಗಡೇನ ಸಿಗತಾವ!"

ಅಶ್ಮಿತಾಳಿಗೆ ರೇಗಿತು. ಎಣ್ಣೆ ಸುರಿಯುವ ದೊಡ್ಡ ಲಾಳಿಕೆಯನ್ನು ನೀರಿನ ಬಕೆಟ್ಟಿನಲ್ಲಿ ಬೋರಲು ಹಿಡಿದು, ಮೇಲೆ ಬಂದ ಅದರ ಕೊಳವೆಯ ತುದಿಗೆ ಕಾಗದದ ಗಿರಿಗಿಟ್ಲೆ ಇಟ್ಟಳು. "ಆಂಟಿ, ಲಾಳಿಕೆ ಒತ್ತಿ!"

ಪಾರವ್ವ ಒತ್ತಿದರು. ನೀರು ಒಳಗೇರಿ ಗಾಳಿ ಪುಸ್ಸೆಂದಿತು, ಗಿರಿಗಿಟ್ಲೆ ತಿರುಗಿತು.

"ಅಲೆ ಹೀಗೇ ಗಾಳಿ ನೂಕ್ತದೆ, ಗಾಳಿ ಚಕ್ರ ತಿರುಗಿಸ್ತದೆ. ಕರೆಂಟ್ ಆಗೋದು ನೀರಿನ ಮೇಲೆ, ಮೀನಿಗೆ ಶಾಕ್ ಇಲ್ಲ. ಕಲ್ಲಿದ್ದಲು ಬೇಡ, ಹೊಗೆ ಇಲ್ಲ. ಸೂರ್ಯ ಮುಳುಗಿದ್ರೂ ಅಲೆ ನಿಲ್ಲಲ್ಲ, ಮಳೆಗಾಲದಲ್ಲಿ ಇನ್ನೂ ಜೋರು. ಕೇರಳದ ವಿಳಿಂಜಂನಲ್ಲಿ ಮಾಡಿ ನೋಡಿದ್ದಾರೆ."

"ಖರ್ಚು?" ಎಂದರು ಪಾರವ್ವ.

"ಈಗ ಜಾಸ್ತಿ. ಎಲ್ರೂ ಕೇಳಿದ್ರೆ ತಾನೇ ಕೆಲಸ ಮುಂದೆ ಹೋಗೋದು?"

ಪಾರವ್ವ ಮತ್ತೆ ಮತ್ತೆ ಒತ್ತಿದರು. ಅಡುಗೆಮನೆಯೆಲ್ಲ ನೀರಾಯಿತು. "ಅಲ್ಲವಾ, ಇಷ್ಟೊತ್ತು ಕನ್ನಡದಾಗನ ಹೇಳಿದಿ. ನಾ ನಕ್ಕೇನೇನು?"

ಅಶ್ಮಿತಾ ತಾಯಿಯ ಮುಖ ನೋಡಿದಳು. ನೆಲ ಒರೆಸುತ್ತಿದ್ದ ಜಲಜಾಕ್ಷಿ 'ಕೇಳು' ಎಂಬಂತೆ ತಲೆಯಾಡಿಸಿದಳು.

ಸಭೆಯಲ್ಲಿ ಎಲ್ಲರದೂ ಒಂದೇ ದೂರು, ವೇಳಾಪಟ್ಟಿಯದ್ದು. ಇಂಜಿನಿಯರ್ ಸರ್ವೋತ್ತಮ ಬೆವರೊರೆಸಿಕೊಂಡು "ಇನ್ನು ಯಾರಾದರೂ?" ಎಂದಾಗ, ಪಾರವ್ವ ಚೀಲದಿಂದ ಲಾಳಿಕೆ ತೆಗೆದು ಎತ್ತಿ ಹಿಡಿದರು. "ನಮ್ಮ ಹುಡುಗೀದೊಂದು ಐತ್ರಿ!" ಜನ ನಕ್ಕರು, ಆದರೆ ಲಾಳಿಕೆಗೆ. ಅಶ್ಮಿತಾ ಎದ್ದು ನಿಂತಳು.

ಕರೆಂಟ್ ಹೋದಾಗ ಬೈದು ಸುಮ್ಮನಾಗುವ ಅಕ್ಕಂದಿರೇ, ಅಣ್ಣಂದಿರೇ, ಮುಂದಿನ ಸಭೆಯಲ್ಲಿ ನೀವೂ ಏಳಿ. ಮಾತು ಸಿಗದಿದ್ದರೆ ಅವಳದ್ದನ್ನೇ ಕೇಳಿ:

"ಸರ್, ಸಮುದ್ರ ನಮ್ಮ ಹತ್ರಾನೇ ಇದೆ. ಅಲೆಗೆ ಒಂದು ದಿನಾನೂ ಛುಟ್ಟಿ ಇಲ್ಲ. ಮತ್ತೆ ನಮ್ಮ ಕರೆಂಟಿಗೆ ಯಾಕೆ ದಿನಾ ಛುಟ್ಟಿ?"