ನಾಲ್ಕು ದಿನದ ಗಟ್ಟಿ ನೆಲ

ನಮ್ಮ ಕಚೇರಿಯ ಹಿಂದಿನ ಬಯಲಿನಲ್ಲಿ ಆರು ಗೂಟಗಳಿವೆ. ದಿನಾ ಬೆಳಿಗ್ಗೆ ಆರಕ್ಕೆ, ಉಪಗ್ರಹ ತಲೆಯ ಮೇಲೆ ಹಾದುಹೋಗುವ ಹೊತ್ತಿಗೆ, ಒಂದೊಂದು ಗೂಟದ ಪಕ್ಕದಲ್ಲೂ ಹಿಮ ಸರಿಸಿ ಕಬ್ಬಿಣದ ಸರಳು ಊರಿ ನೋಡುವುದು ನನ್ನ ಕೆಲಸ. ಠಣ್ ಎಂದರೆ ನೆಲ ಹೆಪ್ಪುಗಟ್ಟಿದೆ, ರಿಜಿಸ್ಟರಿನಲ್ಲಿ ‘ಗಟ್ಟಿ’ ಎಂದು ಬರೆಯಬೇಕು. ನಾಲ್ಕು ಬೆರಳು ಇಳಿದರೆ ‘ಸಡಿಲ’. ಅಕ್ಷರ ಕಲಿತದ್ದೇ ಐವತ್ತು ದಾಟಿದ ಮೇಲೆ, ಹಾಗಾಗಿ ಆ ಎರಡು ಮಾತನ್ನೂ ದುಂಡಗೆ ಬರೆಯುತ್ತಿದ್ದೆ. ಎರಡು ಚಳಿಗಾಲ ಹೀಗೇ ಕಳೆದವು.

ಉಪಗ್ರಹದ ವಿಷಯ ನನಗೆ ತಿಳಿಸಿಕೊಟ್ಟವಳು ನಕ್ಷೆ ಮಾಡುವ ಹುಡುಗಿ. “ನೆಲ ತನ್ನಷ್ಟಕ್ಕೆ ಸಣ್ಣಗೆ ಮೈಕ್ರೋವೇವ್ ಅನ್ನೋ ಕಾಣದ ಅಲೆ ಬಿಡ್ತಾ ಇರುತ್ತೆ ಅಮ್ಮಾ. ಒಳಗಿನ ನೀರು ಹೆಪ್ಪುಗಟ್ಟಿದ್ರೆ ಒಂದು ಥರ, ಕರಗಿದ್ರೆ ಇನ್ನೊಂದು ಥರ. ಮೋಡ ಇದ್ರೂ ಉಪಗ್ರಹಕ್ಕೆ ಗೊತ್ತಾಗುತ್ತೆ. ಆದ್ರೆ ಅದು ಹೇಳಿದ್ದು ನಿಜಾನಾ ಅಂತ ನೋಡೋಕೆ ನಿಮ್ಮ ಸರಳೇ ಬೇಕು.” ಅವಳ ನಕ್ಷೆಯಲ್ಲಿ ಗಟ್ಟಿ ನೆಲಕ್ಕೆ ನೀಲಿ, ಸಡಿಲ ನೆಲಕ್ಕೆ ಕಂದು. ಆ ನಕ್ಷೆಗಾಗಿ ಅವಳು ಎರಡು ವರ್ಷ ಕಣ್ಣು ಸವೆಸಿದ್ದಳು.

ಮೂರನೆಯ ಚಳಿಗಾಲದ ಕೊನೆಯಲ್ಲಿ ನನ್ನ ಮಂಡಿ ಊದಿಕೊಂಡಿತು. ಜೊತೆಗಿರುವ ತಂಗಿಗೆ ನಗು. “ನೆಲ ಹೆಪ್ಪುಗಟ್ಟಿದ್ಯೋ ಇಲ್ವೋ ನಿನ್ನ ಮಂಡೀನೇ ಹೇಳುತ್ತಲ್ಲಕ್ಕಾ! ಅದಕ್ಕೊಂದು ಉಪಗ್ರಹ ಬೇರೆ ದಂಡ.”

ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಅಂಗಳದ ಬಕೆಟ್ಟಿನ ನೀರು ಕಲ್ಲಾಗಿತ್ತು. ಬಕೆಟ್ಟೇ ಹೀಗಿದ್ದರೆ ಬಯಲು ಇನ್ನು ಹೇಗಿರುತ್ತದೆ ಎಂದುಕೊಂಡೆ. ರಿಜಿಸ್ಟರ್ ನನ್ನ ಬಳಿಯೇ ಇರುತ್ತಿತ್ತು. ನಾಲ್ಕು ದಿನ ಮಂಡಿಗೆ ಶಾಖ ಕೊಡುತ್ತ ಕೂತು ಆರೂ ಗೂಟಗಳಿಗೆ ‘ಗಟ್ಟಿ’ ಎಂದು ಬರೆದೆ. ಆಗಲೂ ದುಂಡಗೇ ಬರೆದೆ.

ಹದಿನೈದು ದಿನದ ಮೇಲೆ ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು.

“ಈ ನಾಲ್ಕು ದಿನ ನಿನ್ನ ಉಪಗ್ರಹ ಸಡಿಲ ಅಂತಿದೆ. ಅಮ್ಮ ಗಟ್ಟಿ ಅಂತಾರೆ. ಯಾರನ್ನ ನಂಬಲಿ?”

“ಹಿಮ ಜಾಸ್ತಿ ಬಿದ್ದಿತ್ತಲ್ಲ ಸರ್,” ಎಂದಳು ಹುಡುಗಿ. “ಕಂಬಳಿ ಹೊದಿಸಿದ ಹಾಗೆ. ಕೆಳಗಿನ ಮಣ್ಣು ಬೆಚ್ಚಗೆ…”

“ಕಂಬಳಿ ಕಥೆ ಬೇಡಮ್ಮಾ. ಆಕಾಶದಲ್ಲಿ ಕೂತಿರೋದಕ್ಕಿಂತ ನೆಲ ಮುಟ್ಟಿ ನೋಡಿದವರು ಮೇಲು. ಈ ನಕ್ಷೆ ಹೊರಗೆ ಹೋಗಲ್ಲ.” ನನ್ನ ಕಡೆ ಕೈ ತೋರಿಸಿದರು. “ಇವರನ್ನ ನೋಡಿ ಕಲಿ. ಈ ವಯಸ್ಸಲ್ಲಿ ಒಂದು ದಿನ ತಪ್ಪಿಸಿಲ್ಲ.”

ಹುಡುಗಿ ನನ್ನ ಮೇಲೆ ಸಿಟ್ಟಾಗಲಿಲ್ಲ, ಅದನ್ನೇ ತಡೆಯಲಾಗಲಿಲ್ಲ. “ನನ್ನದೇ ಎಲ್ಲೋ ತಪ್ಪಿರಬೇಕು ಅಮ್ಮಾ. ಮೊದಲಿಂದ ಮಾಡ್ತೀನಿ ಬಿಡಿ,” ಎಂದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಆ ನಾಲ್ಕು ದಿನ ನಾನು ಬಯಲಿಗೆ ಹೋಗೇ ಇಲ್ಲ,” ಎಂದೆ. “ಬಕೆಟ್ ನೋಡಿ ಬರೆದೆ.”

“ಬಕೆಟ್ಟಾ?” ಎಂದರು ಸಾಹೇಬರು.

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಕಿಟಕಿಯ ಕಡೆ ತಿರುಗಿದರು. ಹುಡುಗಿ ರಿಜಿಸ್ಟರನ್ನು ಹತ್ತಿರಕ್ಕೆ ಎಳೆದುಕೊಂಡು ಹಾಳೆ ಮಗುಚಿದಳು.

“ಉಳಿದ ದಿನಗಳು?”

“ಎಲ್ಲಾ ನಿಜ ಕಣಮ್ಮಾ. ನಿನ್ನಾಣೆ.”

“ನಾನು ನಂಬ್ತೀನಿ. ಆದ್ರೆ ನಕ್ಷೆ ನೋಡೋರು ಕೇಳಿದ್ರೆ ಏನು ತೋರಿಸ್ಲಿ?”

ಮೂರು ಚಳಿಗಾಲದ ಹಾಳೆಗಳ ಮೇಲೂ ಅವಳು ಪೆನ್ಸಿಲಿನಿಂದ ಅಡ್ಡಗೆರೆ ಎಳೆದಳು. ಬೆರಳು ಸೆಟೆದುಹೋದ ಬೆಳಗುಗಳು, ಗಾಳಿಗೆ ಬಗ್ಗಿ ನಡೆದ ಬೆಳಗುಗಳು, ಎಲ್ಲವೂ ಹೋದವು. ಪಕ್ಕದ ಕಚೇರಿಯವರ ಅಳತೆಯ ಜೊತೆ ಹೋಲಿಸಿ ನೋಡಿದ ಮೇಲೆ ಅವಳ ನಕ್ಷೆ ಹೊರಗೆ ಹೋಯಿತು. ಅದರಲ್ಲಿ ನಮ್ಮ ಬಯಲು ಆ ನಾಲ್ಕು ದಿನವೂ ಕಂದು.

ಅಡ್ಡಗೆರೆ ಬಿದ್ದ ಮರುದಿನ ಆರಕ್ಕೆ ನಾನು ಬಯಲಿಗೆ ಹೋದಾಗ ಹುಡುಗಿ ಆಗಲೇ ಅಲ್ಲಿ ನಿಂತಿದ್ದಳು. ಸರಳು ಊರಿದೆ.

“ಸಡಿಲ,” ಎಂದೆ.

ಅವಳು ಬಗ್ಗಿ, ಸರಳಿಗೆ ಎಲ್ಲಿಯವರೆಗೆ ಮಣ್ಣು ಹತ್ತಿದೆಯೆಂದು ತಾನೇ ನೋಡಿದಳು. ಆಮೇಲೆ ಬರೆದುಕೊಂಡಳು. ನಾನು ಎರಡನೆಯ ಗೂಟದ ಕಡೆ ನಡೆದೆ. ಅವಳೂ ಹಿಂದೆಯೇ ಬಂದಳು.